ಅವಳಿಗೇ ಕ್ಷಮೆಯಂತೆ!

1960ರಲ್ಲಿ ಡಬ್ಲಿನ್ನಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಕಾಯಿಲೆ ಬಿದ್ದು ಮಲಗಿದ್ದ ಮೇರಿ ಕಾಲಿನ್ಸ್ ಎಂಬ 13ರ ಹುಡುಗಿಯ ಮೇಲೆ ಅಲ್ಲಿನ ಪಾದ್ರಿಯೇ ಲೈಂಗಿಕ ದೌರ್ಜನ್ಯ ಎಸಗಿದ. ರಾತ್ರಿ ಆ ಹೇಯ ಕೆಲಸ ಮಾಡಿದ ಕೈಯೇ ಬೆಳಿಗ್ಗೆ ಅವಳ ಬಾಯಿಗೆ ಪರಮಪ್ರಸಾದ ಇಟ್ಟಿತು. ಕಾಲು ಶತಮಾನ ನುಂಗಿಕೊಂಡಿದ್ದ ಸಂಕಟವನ್ನು 1985ರಲ್ಲಿ ಆಕೆ ಇನ್ನೊಬ್ಬ ಪಾದ್ರಿಯ ಬಳಿ ತೋಡಿಕೊಂಡರು. ಅವನಿಗೆ ಅಪರಾಧಿಯ ಹೆಸರೂ ಬೇಕಿರಲಿಲ್ಲ. ತಪ್ಪು ನಿನ್ನದೇ ಇರಬಹುದು, ಕ್ಷಮಿಸಲಾಗಿದೆ ಎಂದುಬಿಟ್ಟ. ಯಾರನ್ನು? ಅವಳನ್ನು!

ಈ ಕ್ಷಮೆಯ ವ್ಯಾಪಾರ ನನ್ನ ಮೈ ಉರಿಸುತ್ತದೆ. ಹೀಗೆ ನೊಂದವರಿಗೆ ಸಾಂಬ್ರಾಣಿಯ ವಾಸನೆಗೇ ಹೊಟ್ಟೆ ತೊಳಸಬಹುದು, ಪಾಪನಿವೇದನೆಯ ಪೀಠ ಕಂಡರೆ ಉಸಿರು ಕಟ್ಟಬಹುದು, ಜಪಸರ ಹಿಡಿದ ಬೆರಳು ನಡುಗಬಹುದು. ಆಗ ಉಪದೇಶಿಗಳು ಓಡಿ ಬರುತ್ತಾರೆ: ನಿನ್ನ ವಿಶ್ವಾಸ ಸಾಲದು, ಉಪವಾಸವಿರು, ಅವನನ್ನು ಕ್ಷಮಿಸು. ಮೈ ಮರೆಯಲಾರದ್ದನ್ನು ಅವಿಶ್ವಾಸ ಎನ್ನಲು ನಿಮಗೆ ನಾಚಿಕೆಯಾಗುವುದಿಲ್ಲವೇ?

ಬೈಬಲ್ಲು ನಿಮ್ಮಷ್ಟು ನಯವಂಚಕವಲ್ಲ. ಎರಡನೇ ಸಮುವೇಲದ 13ನೇ ಅಧ್ಯಾಯ ತೆರೆಯಿರಿ. ಅಮ್ನೋನ ಮಲತಂಗಿ ತಾಮಾರಳನ್ನು ಕೆಡಿಸುತ್ತಾನೆ. ಅವಳು ತಲೆಗೆ ಬೂದಿ ಸುರಿದುಕೊಂಡು, ಅಂಗಿ ಹರಿದುಕೊಂಡು ಗೋಳಾಡುತ್ತಾ ಹೋಗುತ್ತಾಳೆ. ಒಡಹುಟ್ಟಿದ ಅಬ್ಷಾಲೋಮ ಸುಮ್ಮನಿರು ಎನ್ನುತ್ತಾನೆ. ಅರಸ ದಾವೀದ ಕೆಂಡವಾಗುತ್ತಾನೆ, ಮಗನನ್ನು ಮಾತ್ರ ದಂಡಿಸುವುದಿಲ್ಲ. ಭಾನುವಾರದ ಪ್ರಸಂಗದಲ್ಲಿ ಇವಳ ಹೆಸರು ಎಷ್ಟು ಸಲ ಕೇಳಿದ್ದೀರಿ? 88ನೇ ಕೀರ್ತನೆಯಂತೂ ಸಮಾಧಾನದ ಸೊಲ್ಲೇ ಇಲ್ಲದೆ ಕತ್ತಲಲ್ಲಿ ಮುಗಿಯುತ್ತದೆ. ದೇವರ ಮೇಲೇ ಸಿಟ್ಟಾದವರಿಗೂ ಆ ಗ್ರಂಥದಲ್ಲಿ ಜಾಗವಿದೆ, ನಿಮ್ಮ ಪ್ರಾರ್ಥನಾಕೂಟದಲ್ಲಿ ಇಲ್ಲ. ನನ್ನ ಮಟ್ಟಿಗೆ ಆ ಸಿಟ್ಟೂ ಪ್ರಾರ್ಥನೆಯೇ. ಕೂಗಾಡುತ್ತಲೇ ಕೆಲವರು ದೇವರ ಬಳಿಗೆ ಮರಳುತ್ತಾರೆ, ಕೆಲವರು ಮರಳುವುದೇ ಇಲ್ಲ. ಮರಳದವರನ್ನು ದಾರಿತಪ್ಪಿದ ಕುರಿ ಎಂದು ಕರೆಯುವ ಹಕ್ಕು ತೋಳ ಸಾಕಿದವರಿಗಿಲ್ಲ.

ಕಾಲಿನ್ಸ್ ಧರ್ಮಸಭೆಯ ಒಳಗೇ ನಿಂತು ಕಾದಾಡಿದರು. 2014ರಲ್ಲಿ, ಮಕ್ಕಳ ರಕ್ಷಣೆಗೆಂದು ಪೋಪ್ ಫ್ರಾನ್ಸಿಸ್ ರಚಿಸಿದ ಆಯೋಗದ ಸದಸ್ಯೆಯಾದರು. 2017ರಲ್ಲಿ ರಾಜೀನಾಮೆ ಬಿಸಾಕಿ ಬಂದರು. ಸಂತ್ರಸ್ತರ ಪತ್ರಗಳಿಗೆ ಉತ್ತರ ಬರೆಯಲೂ ವ್ಯಾಟಿಕನ್ನಿನ ಕಚೇರಿಯೊಂದು ಒಪ್ಪಿರಲಿಲ್ಲ. ಉತ್ತರ, ಬರೀ ಒಂದು ಉತ್ತರ! ಫ್ರಾನ್ಸಿನಲ್ಲಿ 1950ರಿಂದೀಚೆಗೆ ಪಾದ್ರಿ, ಸನ್ಯಾಸಿಗಳಿಂದ ಸುಮಾರು 2,16,000 ಮಕ್ಕಳು ದೌರ್ಜನ್ಯಕ್ಕೆ ಒಳಗಾಗಿದ್ದಾರೆಂದು 2021ರಲ್ಲಿ ಸ್ವತಂತ್ರ ಆಯೋಗವೊಂದು ಅಂದಾಜಿಸಿತು. ಇಷ್ಟು ಮಂದಿಗೂ ಕ್ಷಮೆಯ ಪಾಠ ಹೇಳಿ ಕಳಿಸುತ್ತೀರಾ?

ಐರ್ಲೆಂಡು, ಫ್ರಾನ್ಸು ದೂರದ ಮಾತು ಎಂದು ಇಲ್ಲಿನ ಫಾದರುಗಳು, ಪಾಸ್ಟರುಗಳು ಹಾಯಾಗಿರುವುದು ಬೇಡ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಕೈಕೆಳಗಿನವನ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೂ ಜೈಲಾಗಬಹುದು. ಮಗುವೊಂದು ನಿಮ್ಮ ಮುಂದೆ ಬಾಯಿ ಬಿಟ್ಟರೆ ಕ್ಷಮೆಯ ಮಾತೆತ್ತಬೇಡಿ, ಅಂದೇ ಠಾಣೆಗೆ ಹೋಗಿ ದೂರು ಬರೆಸಿ.