ಸೀರೆ ಕೊಟ್ಟರೆ ಲಕ್ಷ್ಮಿ, ಹಕ್ಕಿಗೆ ಹಾಕಿದರೆ ಹೊಲಸು

ಪುಣೆಯ ಫ್ಲ್ಯಾಟಿನ ಬಾಲ್ಕನಿಯಲ್ಲಿ ಫಿಂಚ್ ಹಕ್ಕಿ ಸಾಕಬಹುದು, ಅದಕ್ಕೆ ಅಂಗಡಿಯಿಂದ ಒಣಗಿದ ಮೀಲ್‌ವರ್ಮ್ ಡಬ್ಬಿಯನ್ನೂ ತರಬಹುದು. ಅದೇ ಹುಳುವನ್ನು ಮನೆಯಲ್ಲಿ ಬೆಳೆಸಿದರೆ ಮಾತ್ರ ಮನೆಯವರೂ ಸೊಸೈಟಿಯವರೂ ಒಟ್ಟಿಗೆ ಮೂಗು ಮುಚ್ಚಿಕೊಳ್ಳುತ್ತಾರೆ. ಈ ಮಡಿವಂತಿಕೆ ಕನ್ನಡಿಗರಿಗೆ ಎಲ್ಲಿಂದ ಬಂತು? ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಷ್ಟೋ ಮನೆಗಳಲ್ಲಿ ಜನ ಮಲಗುವ ಸೂರಿನಡಿಯಲ್ಲೇ ರೇಷ್ಮೆಹುಳು ಬೆಳೆದಿದೆ. ಹಣ್ಣಾದ ಹುಳುವನ್ನು ಬರಿಗೈಯಲ್ಲಿ ಆಯ್ದು ಚಂದ್ರಿಕೆಗೆ ಬಿಟ್ಟವರ ಮೊಮ್ಮಕ್ಕಳೂ ಇಂದು ‘ಛೀ’ ಎನ್ನುತ್ತಾರೆ. ಸೀರೆ ಕೊಡುವ ಹುಳು ಲಕ್ಷ್ಮಿ, ಮರಿಹಕ್ಕಿಯ ಹೊಟ್ಟೆ ತುಂಬಿಸುವ ಹುಳು ಹೊಲಸು!

ಮೀಲ್‌ವರ್ಮ್ ಎಂದರೆ ಒಂದು ಕಪ್ಪು ದುಂಬಿಯ ಮರಿಹುಳು, ಅಷ್ಟೆ. ಅದಕ್ಕೆ ಬೇಕಾದದ್ದು ನುಣುಪು ಗೋಡೆಯ ಪ್ಲಾಸ್ಟಿಕ್ ಡಬ್ಬ, ಎರಡು ಮೂರು ಬೆರಳು ದಪ್ಪ ಗೋಧಿ ಬೂಸಾ, ನೀರಿನ ಬದಲು ಒಂದು ತುಂಡು ಕ್ಯಾರೆಟ್. ಆ ಗೋಡೆಯನ್ನು ಅವು ಹತ್ತಲಾರವು. ನಾತ ಹೊಡೆಯುವ ಡಬ್ಬ ತೆರೆದು ನೋಡಿ: ಕೊಳೆತ ತರಕಾರಿ, ಬೂಷ್ಟು ಹಿಡಿದ ಬೂಸಾ ಕಾಣುತ್ತದೆ. ಮುಂಬೈ ಮಳೆಗಾಲದಲ್ಲಂತೂ ತುಂಡನ್ನು ದಿನವೂ ಬದಲಿಸದವರು ಹುಳುವನ್ನು ಬೈಯುವ ಹಾಗಿಲ್ಲ. ಹಿಕ್ಕೆಯ ದೂಳಿಗೆ ಕೆಲವರಿಗೆ ಅಲರ್ಜಿ ಬರುವುದು ನಿಜ. ಉಬ್ಬಸದವರಿರುವ ಮನೆಗೆ ಇದು ಬೇಡ. ಉಳಿದ ತಕರಾರೆಲ್ಲ ಬರೀ ಅಸಹ್ಯ.

ಜೀವಂತ ಹುಳುವಿನ ತೂಕದಲ್ಲಿ ಶೇಕಡಾ 60ರಷ್ಟು ನೀರು, 20ರ ಆಸುಪಾಸು ಪ್ರೋಟೀನ್. ಒಣಗಿಸಿದರೆ ನೀರೂ ಹೋಯಿತು, ಅಲುಗಾಟವೂ ಹೋಯಿತು. ಅದು ಏನು ತಿಂದು ಬೆಳೆದಿತ್ತು ಎಂದು ಡಬ್ಬಿ ಹೇಳುವುದಿಲ್ಲ. ಮನೆಯದಾದರೆ ಹಕ್ಕಿಗೆ ಹಾಕುವ ಒಂದೆರಡು ದಿನ ಮೊದಲು ಹುಳುವಿಗೇ ಕ್ಯಾಲ್ಸಿಯಂ ಪುಡಿ ಬೆರೆಸಿದ ಆಹಾರ ತಿನ್ನಿಸಬಹುದು. ತಿನ್ನಿಸಲೇಬೇಕು, ಏಕೆಂದರೆ ಈ ಹುಳುವಿನಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಹೆಚ್ಚು.

ಹಾಗೆಂದು ಪ್ರೀತಿ ಉಕ್ಕಿ ದಿನಾ ಬಟ್ಟಲು ತುಂಬಿಸುವವರೂ ತಪ್ಪಿತಸ್ಥರೇ. ‘ಲವ್ ಬರ್ಡ್ಸ್’ ಎಂದು ಮಾರುವ ಬಜರಿಗರ್ ಕಾಳು ತಿನ್ನುವ ಹಕ್ಕಿ. ಅದಕ್ಕೆ ಈ ಕೊಬ್ಬು ನಿತ್ಯದ ಊಟವಲ್ಲ. ಇನ್ನು ದೇಶೀ ಗಿಳಿ, ಮುನಿಯಗಳನ್ನು ಪಂಜರದಲ್ಲಿಟ್ಟವರು ಮೇವಿನ ಮಾತೇ ಆಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಹುಳು ನಿಜಕ್ಕೂ ಬೇಕಾಗುವುದು ಫಿಂಚ್ ಮರಿ ಮಾಡಿದಾಗ. ಮೊಟ್ಟೆಯಿಂದ ತಿನ್ನಿಸುವಷ್ಟು ದೊಡ್ಡ ಹುಳುವಾಗಲು ಎರಡು ಮೂರು ತಿಂಗಳು ಹಿಡಿಯುತ್ತದೆ; ಹಕ್ಕಿ ಗೂಡು ಕಟ್ಟಿದ ಮೇಲೆ ಬೂಸಾ ಹುಡುಕಿ ಹೊರಟರೆ ತಡವಾಯಿತು. ಆ ದಿನಗಳಲ್ಲಿ ತಾಯಿಹಕ್ಕಿಯ ಮುಂದಿಡಬೇಕಾದದ್ದು ಆಗಷ್ಟೇ ಪೊರೆ ಕಳಚಿ ಬೆಳ್ಳಗಾದ ಮೆತ್ತನೆಯ ಹುಳು. ಅಂಗಡಿಯ ಡಬ್ಬಿಯಲ್ಲಿ ಅದು ಸಿಗುವುದಿಲ್ಲ.