ಎರಡು ಎತ್ತು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ರೈತನು ‘ಎರಡು ಎತ್ತು ಕೊಂಡೆ’ ಎನ್ನುತ್ತಾನೆ. ಅಧ್ಯಾಪಕ ವೃತ್ತಿಯ ಮೊದಲ ದಿನಗಳಲ್ಲಿ ವಿದ್ಯಾರ್ಥಿಯೊಬ್ಬನ ಪ್ರಬಂಧದಲ್ಲಿ ಇಂಥದೇ ವಾಕ್ಯವನ್ನು ಕಂಡು ನಾನು ಕೆಂಪು ಶಾಯಿಯಿಂದ ‘ಗಳು’ ಸೇರಿಸಿದೆನು. ‘ನಮ್ಮಪ್ಪ ಹಿಂಗ ಅಂತಾನ್ರಿ’ ಎಂದು ಅವನು ತಲೆ ತಗ್ಗಿಸಿದನು. ತಪ್ಪು ನನ್ನದೆಂದು ತಿಳಿಯಲು ಬಹುಕಾಲ ಹಿಡಿಯಿತು.

ಇಂಗ್ಲಿಷಿನಲ್ಲಿ ಎಣಿಕೆ ಒಂದನ್ನು ಮೀರಿದರೆ ನಾಮಪದವೂ ಸಾಮಾನ್ಯವಾಗಿ ರೂಪ ಬದಲಿಸುತ್ತದೆ. ಆ ನಿಯಮವನ್ನು ನಾನು ಕನ್ನಡದ ಮೇಲೆ ಹೊರಿಸಿದ್ದೆನು. ಫ್ರೆಂಚರು ಬಹುವಚನಕ್ಕೆ ‘ಎಸ್’ ಅಕ್ಷರವನ್ನು ಬರೆದರೂ ಅದನ್ನು ಸಾಮಾನ್ಯವಾಗಿ ಉಚ್ಚರಿಸುವುದಿಲ್ಲ. ನಾಮಪದದ ಹಿಂದಿನ ಚಿಕ್ಕ ಪದವೇ ಒಂದೋ ಹಲವೋ ಎಂಬುದನ್ನು ಕಿವಿಗೆ ತಿಳಿಸುತ್ತದೆ. ಪ್ರತಿಯೊಂದು ಭಾಷೆಗೂ ಅದರದೇ ಆದ ರೀತಿಯುಂಟು.

ಕನ್ನಡದಲ್ಲಿ ಸಂಖ್ಯೆಯೇ ಬಹುತ್ವವನ್ನು ಸೂಚಿಸಿರುವಾಗ ನಪುಂಸಕಲಿಂಗದ ಪದಕ್ಕೆ ‘ಗಳು’ ಕಡ್ಡಾಯವಲ್ಲ: ‘ಎರಡು ಎತ್ತು ಬಂದವು.’ ಸಂಖ್ಯೆಯಿಲ್ಲದಿದ್ದರೆ ‘ಎತ್ತುಗಳು ಬಂದವು’ ಎನ್ನುತ್ತೇವೆ. ಮನುಷ್ಯರ ವಿಷಯದಲ್ಲಿ ಹಾಗಲ್ಲ. ‘ಇಬ್ಬರು ಹುಡುಗರು’ ಎಂದೇ ಆಗಬೇಕು. ಒಬ್ಬರೇ ಬಂದರೂ ‘ಗುರುಗಳು ಬಂದರು’ ಎನ್ನುವಾಗ ಬಹುವಚನವು ಗೌರವವನ್ನು ಸೂಚಿಸುತ್ತದೆ.

13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕನ್ನಡ ಕವಿಗಳ ಪ್ರಯೋಗಗಳನ್ನೇ ಉದಾಹರಣೆಯಾಗಿ ಕೊಟ್ಟನು. ಬಳಕೆಯನ್ನು ನೋಡಿಯೇ ನಿಯಮವನ್ನು ಹೇಳಬೇಕೆಂಬ ಪಾಠ ಅಲ್ಲಿದೆ.

‘ಎರಡು ಎತ್ತುಗಳು’ ಎಂದು ಬರೆಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ‘ಎರಡು ಎತ್ತು’ ಎಂಬುದನ್ನು ತಪ್ಪೆನ್ನಬಾರದು, ಅಷ್ಟೆ. ವಿದ್ಯಾರ್ಥಿಗಳೇ, ಪರಭಾಷೆಗಳನ್ನು ಶ್ರದ್ಧೆಯಿಂದ ಕಲಿಯಿರಿ. ಆದರೆ ಅವುಗಳ ಅಳತೆಗೋಲಿನಿಂದ ತಂದೆತಾಯಿಯರ ಮಾತನ್ನು ಅಳೆಯದಿರಿ.