ಹೆಣ್ಣುಮಕ್ಕಳ ಕಂಠ

ನಮ್ಮ ಬಾಲಿಕೆಯರಲ್ಲಿ ಹಾಡಬಲ್ಲವರು ಹಲವರುಂಟು. ಆದರೆ ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ಅವರಲ್ಲನೇಕರ ಹಾಡು ನಿಂತುಹೋಗುವುದು. ಕಾರಣವನ್ನು ಕೇಳಿದರೆ, "ನಾಲ್ಕು ಜನ ಏನೆಂದಾರು?" ಎಂಬುದೇ ತಾಯ್ತಂದೆಗಳ ಉತ್ತರ. ಗುರುಮಠಕಲ್ಲಿನಂಥ ಊರಿನಲ್ಲಿ ಆ ನಾಲ್ಕು ಜನರ ಮಾತಿನ ತೂಕವನ್ನು ನಾವೂ ಬಲ್ಲೆವು. ಆದುದರಿಂದಲೇ ಗಂಗೂಬಾಯಿ ಹಾನಗಲ್ಲರನ್ನು ಇಲ್ಲಿ ನೆನೆಯಬಯಸುತ್ತೇವೆ.

ಅವರು 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಜನಿಸಿದರು. ಶಾಲೆಯ ಓದು ಪ್ರಾಥಮಿಕದಲ್ಲಿಯೇ ಮುಗಿಯಿತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ಹಾಡಿದಾಗ ಅವರಿನ್ನೂ ಬಾಲಿಕೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ನುರಿತವರು. ಮಗಳ ಹಿಂದೂಸ್ತಾನಿ ಕಲಿಕೆಗೆ ತೊಡಕಾಗಬಾರದೆಂದು ತಮ್ಮ ಹಾಡನ್ನೇ ಬದಿಗಿರಿಸಿದರು. ನಮ್ಮ ತಾಯಂದಿರು ಈ ಸಂಗತಿಯನ್ನು ಎರಡು ಬಾರಿ ಓದಬೇಕು. 1928ರಲ್ಲಿ ಕುಟುಂಬವು ಹುಬ್ಬಳ್ಳಿಗೆ ಬಂದಿತು. ಕೃಷ್ಣಾಚಾರ್ಯ ಹುಲಗೂರರ ಬಳಿಕ ಕಿರಾಣಾ ಘರಾಣೆಯ ಸವಾಯಿ ಗಂಧರ್ವರು ಗುರುಗಳಾದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ರಾತ್ರಿ ಮರಳುವುದು. ಬೀದಿಯಲ್ಲಿ ಹಾಯುವಾಗ ಜನರ ಕುಹಕ, ಜಾತಿಯನ್ನೆತ್ತಿ ಆಡುವ ಹೀನ ಮಾತು.

ಆ ಗುರುಗಳು ಮರಾಠಿ ಸಂಗೀತನಾಟಕಗಳಲ್ಲಿ ಸ್ತ್ರೀಪಾತ್ರ ವಹಿಸಿ ಕೀರ್ತಿ ಪಡೆದವರು. ಪಾಶ್ಚಾತ್ಯರ ಆಪೆರಾಕ್ಕೆ ನಮ್ಮಲ್ಲಿ ಸಮೀಪವಾದುದೆಂದರೆ ಇದೇ. ಗಂಡಸು ಸೀರೆಯುಟ್ಟು ಹಾಡಿದರೆ ತಲೆದೂಗುತ್ತಿದ್ದ ಸಮಾಜವು ಹೆಣ್ಣು ತನ್ನ ಕಂಠದಿಂದಲೇ ಹಾಡಿದರೆ ಮೂಗು ಮುರಿಯುತ್ತಿದ್ದಿತು! ಈ ನ್ಯಾಯವು ನಮಗೆ ಎಂದಿಗೂ ಅರ್ಥವಾಗದು.

ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಗಂಗೂಬಾಯಿಯವರ ದನಿ ಗಂಡಸರ ದನಿಯಂತೆ ಗಡುಸಾಯಿತು. 'ಹೆಣ್ಣಿನ ಕಂಠ ಕೋಮಲವಾಗಿರಬೇಕು' ಎಂಬವರಿಗೆ ಅದು ದೋಷವೇ ಸರಿ. ಅವರಾದರೋ ಆ ದನಿಯಲ್ಲಿಯೇ ರಾಗವನ್ನು ನಿಧಾನವಾಗಿ ಬೆಳೆಸಿದರು, ಸಂಸಾರದ ಭಾರವನ್ನೂ ಅದರಿಂದಲೇ ಹೊತ್ತರು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಬಂದವು. 2006ರಲ್ಲಿ, ತೊಂಬತ್ತು ದಾಟಿದ ಮೇಲೆಯೂ, ಕಚೇರಿ ನಡೆಸಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಇಂದು ಅವರ ಹೆಸರಿದೆ. ಕುಹಕವಾಡಿದವರ ಹೆಸರುಗಳು ಯಾರಿಗೂ ತಿಳಿಯವು.

ಎಲ್ಲ ಬಾಲಿಕೆಯರೂ ಗಾಯಕಿಯರಾಗಲೆಂದು ನಾವು ಹೇಳುತ್ತಿಲ್ಲ. ಹತ್ತನೆಯ ತರಗತಿ ಮುಗಿಯುವವರೆಗಾದರೂ ಹಾಡುವ ಮಗಳನ್ನು ಬಿಡಿಸಬೇಡಿರೆಂದು ತಾಯ್ತಂದೆಗಳನ್ನು ಬೇಡುತ್ತೇವೆ. ಸಂಗೀತ ಬಲ್ಲ ಪೂರ್ವವಿದ್ಯಾರ್ಥಿನಿಯರು ವಾರಕ್ಕೊಂದು ಸಂಜೆ ಶಾಲೆಗೆ ಬರುವುದಾದರೆ ಹಾರ್ಮೋನಿಯಂ ಪೆಟ್ಟಿಗೆಯ ಧೂಳನ್ನು ನಾವು ಒರೆಸಿಡುವೆವು.